ಬ್ಲಾಗಿನಲ್ಲಿ ತೆರೆದ ಡಬ್ಬಿ

೨೦೧೫ರ ಜುಲೈ ತಿಂಗಳ ಒಂದು ಭಾನುವಾರ. ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ: ಡೊಂಬಿವಲಿ ಪೂರ್ವ, ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು, ನಮ್ಮ ಮನೆಯವರು, ರಜೆಯೆಂದು ಮಗನ ಮನೆಯಿರುವ ಸೀವುಡ್ಸ್‌ನಿಂದ ಬಂದಿದ್ದ ಮೊಮ್ಮಗಳು ಶ್ರಾವ್ಯಾ. ಮನೆಯವರ ಸ್ಥಿತಿ: ಕುರ್ಚಿಯಲ್ಲಿ ಕುಳಿತಿದ್ದಾರೆ, ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದಾರೆ, ಮಾತು ಕಡಿಮೆ. ಈ ವಾರವಿಡೀ ನಮ್ಮ ಹೋಟೆಲಿಗೆ ಹೋಗಿಲ್ಲ.

ಹೀಗೆ ಆರಂಭಿಸಿದ್ದಕ್ಕೆ ನೀವು ಬೇಸರಪಡಬಾರದು. ನಾನು ಥಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಪಾಳಿ ಮುಗಿಸಿ ಹೊರಡುವ ನರ್ಸು ಮುಂದಿನ ಪಾಳಿಯವಳಿಗೆ ರಿಪೋರ್ಟ್ ಬರೆದಿಟ್ಟು ಹೋಗಬೇಕು. ತಾರೀಕು, ಹೊತ್ತು, ಹಾಸಿಗೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ, ಏನು ಕೊಟ್ಟಾಯಿತು, ಏನು ಬಾಕಿ. ಅಷ್ಟೇ. ಆ ಬರಹ ಕೈಗೆ ಎಷ್ಟು ಹತ್ತಿತೆಂದರೆ ತೌರಿಗೆ ಬರೆದ ಕಾಗದಗಳೂ ಅದೇ ರೂಪದಲ್ಲಿ ಹೋಗುತ್ತಿದ್ದವು. ನನ್ನ ಅಮ್ಮನಿಗೆ ಅವನ್ನು ಓದಿ ಹೇಳುತ್ತಿದ್ದ ಉಡುಪಿಯ ನೆರೆಮನೆಯಾಕೆ ಒಮ್ಮೆ, "ನಿಮ್ಮ ಮಗಳು ಕಾಗದ ಬರೆದದ್ದೋ, ಪಂಚಾಂಗ ಕಳಿಸಿದ್ದೋ?" ಎಂದು ಕೇಳಿದ್ದರಂತೆ.

ಶಿಸ್ತು ನನಗೆ ಹುಟ್ಟಿನಿಂದ ಬಂದದ್ದಲ್ಲ, ತರಬೇತಿ ಹಾಸ್ಟೆಲಿನಲ್ಲಿ ತುಂಬಿಸಿದ್ದು. ದಿಂಬಿನ ಕವರಿನ ಬಾಯಿ ಎಂದೂ ವಾರ್ಡಿನ ಬಾಗಿಲಿಗೆ ಮುಖಮಾಡಿರಬಾರದು ಎಂದು ನಮಗೆ ಪಾಠ. ಬಾಗಿಲಲ್ಲಿ ನಿಂತು ನೋಡುವವರ ಕಣ್ಣಿಗೆ ಸಾಲು ಸಾಲು ದಿಂಬುಗಳು ಬಾಯಿ ಮುಚ್ಚಿಕೊಂಡಿರಬೇಕು. ಈಗಲೂ ಯಾರ ಮನೆಗೆ ಹೋದರೂ ನನ್ನ ಕೈ ತಾನಾಗಿ ದಿಂಬುಗಳನ್ನು ತಿರುಗಿಸುತ್ತದೆ. ಹಾಸಿಗೆಯ ಚಾದರವನ್ನು ನಾನು ಎಷ್ಟು ಬಿಗಿಯಾಗಿ ಮಡಚಿ ಸಿಕ್ಕಿಸುತ್ತೇನೆಂದರೆ, ಒಮ್ಮೆ ನಮ್ಮಲ್ಲಿ ಉಳಿದ ಭಾವನವರು ಅದರೊಳಗೆ ಹೋಗುವ ದಾರಿ ಕಾಣದೆ ಮೇಲೆಯೇ ಮಲಗಿ, ಬೆಳಗ್ಗೆ ಶೀತವೆಂದು ಸೀನಿದರು. ನಾನೇ ಅವರಿಗೆ ಕಷಾಯ ಮಾಡಿಕೊಟ್ಟೆ.

ಇಂಥ ನನಗೆ ಬ್ಲಾಗು ಅಂಟಿದ್ದು ಶ್ರಾವ್ಯಾಳಿಂದ. ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನಮಗೆ ದಾಟಿಸಿದ್ದಳು. ನಾನು ಅದಕ್ಕೆ ಕಸೂತಿ ಹಾಕಿದ ಹೊದಿಕೆ ಹೊಲಿದು ಮೇಜಿನ ಮೇಲಿಟ್ಟಿದ್ದೆ. ಮಳೆಗಾಲ ಶುರುವಾಗುವ ಮೊದಲು ಒಂದು ದಿನ ಬಂದವಳು ಹೊದಿಕೆ ಎತ್ತಿ ನೋಡಿ, "ಅಜ್ಜಿ, ಇದನ್ನ ಪೂಜೆ ಮಾಡ್ತೀರಾ?" ಎಂದಳು. ಆಮೇಲೆ ಎಂದಿನಂತೆ ಹಿಂದಿಗೆ ಜಾರಿದಳು. "ಬ್ಲಾಗ್ ಲಿಖೋ ನಾ. ಅಬ್ ಕೋಯೀ ನಹೀ ಲಿಖ್ತಾ. ಆಪ್ ಕೇ ಲಿಯೇ ಏಕ್‌ದಮ್ ಸಹೀ ಹೈ." ಈಗ ಯಾರೂ ಬ್ಲಾಗು ಬರೆಯುವುದಿಲ್ಲ, ಆದ್ದರಿಂದ ಅದು ನನಗೆ ತಕ್ಕದ್ದು. ತರ್ಕ ಸರಿಯಾಗಿಯೇ ಇತ್ತು.

ಯಾವುದರ ಬಗ್ಗೆ ಬರೆಯುವುದು? ಬದುಕಿನಲ್ಲಿ ಒಂದಕ್ಕೊಂದು ತಾಳೆಯಾಗದ ಸಂಗತಿಗಳು ನನಗೆ ಯಾವಾಗಲೂ ಕಣ್ಣಿಗೆ ಬೀಳುತ್ತವೆ. ಅದನ್ನೇ ಬರೆಯೋಣ ಎಂದೆ. ಬ್ಲಾಗಿಗೆ 'ವೈರುಧ್ಯ' ಎಂದು ಹೆಸರಿಡುವ ನನ್ನ ಆಲೋಚನೆಯನ್ನು ಮನೆಯವರು ಪೇಪರಿನಿಂದ ತಲೆ ಎತ್ತದೆ ತಳ್ಳಿಹಾಕಿದರು. "ಮಾತ್ರೆಯ ಹೆಸರಿನ ಹಾಗೆ ಕೇಳ್ತದೆ. ಊಟದ ಮೊದಲೋ ನಂತರವೋ ಅಂತ ಕೇಳಿಯಾರು." ಕೊನೆಗೆ 'ಹೀಗೂ ಹಾಗೂ' ಎಂದಾಯಿತು. (ಮನೆಯಲ್ಲಿ ನಾವು ಆಡುವುದು ತುಳು. ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿ ಹೇಳುತ್ತಿದ್ದೇನೆ.)

ವಸ್ತುಗಳಿಗೇನೂ ಕೊರತೆ ಬರಲಿಲ್ಲ. ನನ್ನ ಅಜ್ಜಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಬದುಕಿ ಮುಗಿಸಿದವಳು. ಒಮ್ಮೆಯೂ ಅದರಲ್ಲಿ ಕಾಲು ತೋಯಿಸಿದವಳಲ್ಲ. ಮಕ್ಕಳು ನಾವು ಕರೆದರೆ, "ಅದು ರಾತ್ರಿ ಹಗಲು ನಮ್ಮನ್ನು ನೋಡ್ತಾ ಉಂಟಲ್ಲ, ಸಾಲದಾ?" ಎನ್ನುತ್ತಿದ್ದಳು. ಮರಳಿನಲ್ಲಿ ಆಡಿ ಬಂದರೆ ಬಾವಿಕಟ್ಟೆಯಲ್ಲಿ ನಮ್ಮ ಕಾಲುಗಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಆ ನಾರಿನ ಉರಿ ಹಿಮ್ಮಡಿಗೆ ಇನ್ನೂ ನೆನಪಿದೆ. ಅವಳ ಬಗ್ಗೆ ಬರೆದೆ. ನಮ್ಮ ಹೌಸಿಂಗ್ ಸೊಸೈಟಿಯ ಹೆಸರಿನಲ್ಲಿ 'ಪ್ರಶಾಂತ' ಎಂದಿದೆ, ಅದರ ಮೀಟಿಂಗಿನ ಗಲಾಟೆ ಸ್ಟೇಷನ್ನಿಗೆ ಕೇಳಿಸುತ್ತದೆ. ಅದನ್ನೂ ಬರೆದೆ. ಸೀವುಡ್ಸ್‌ನಲ್ಲಿ ಮಗ ಪ್ರಸಾದನ ಮನೆಯ ಅಡುಗೆಮನೆ ನಮ್ಮ ಹಾಲಿಗಿಂತ ದೊಡ್ಡದು, ಒಲೆ ಉರಿಯುವುದು ಬೆಳಗಿನ ಚಹಾಕ್ಕೆ ಮಾತ್ರ. ಅದನ್ನೂ ಬರೆದೆ. ಸೊಸೆ ಓದಿ ನಕ್ಕಳು, ಒಳ್ಳೆಯ ಹುಡುಗಿ. ಓದುತ್ತಿದ್ದವರು ಬೆರಳೆಣಿಕೆಯ ಜನ, ಅವರಲ್ಲಿ ಹೆಚ್ಚಿನವರು ನೆಂಟರು.

ಆಮೇಲೆ ಮನೆಯವರ ಬಗ್ಗೆ ಬರೆದೆ.

ಅವರನ್ನು ನಿಮಗೆ ಪರಿಚಯಿಸಬೇಕು. ಕಳವಾ ಸ್ಟೇಷನ್ನಿನ ಹೊರಗೆ ಒಂದು ಚಿಕ್ಕ ಹೋಟೆಲು, ನಸುಕಿಗೆ ಬಾಗಿಲು ತೆರೆಯುವಂಥದ್ದು. ಗಿರಾಕಿಗಳೆಂದರೆ ಗಾಡಿಗಳ ರಿಪೇರಿ ನಡೆಯುವ ರೈಲ್ವೆ ಕಾರ್‌ಶೆಡ್ಡಿನವರು, ಫ್ಯಾಕ್ಟರಿಯವರು, ಭಿವಂಡಿಯ ಗೋದಾಮುಗಳಿಗೆ ಕೂಲಿಗೆ ಹೊರಟವರು. ಈ ಊರಿನಲ್ಲಿ ಉಡುಪಿ ಕಡೆಯ ಹೋಟೆಲಿನವರೆಲ್ಲರಿಗೂ ಒಂದೇ ಹೆಸರು, ಅಣ್ಣಾ. ಇವರೂ ಅಣ್ಣಾ. ಹೋಟೆಲನ್ನು ಪ್ರಸಾದನಿಗೆ ಒಪ್ಪಿಸಿದ ಮೇಲೆ ಇವರಿಗೆ ಉಳಿದದ್ದು ಮೂಲೆಯ ಒಂದು ಮೇಜು. ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ ರೈಲು ಹತ್ತಿ ಹೋಗುವರು. ಆ ಮೇಜಿನಲ್ಲಿ ಹಳೆಯ ಗಿರಾಕಿಗಳ ಒಂದು ಗುಂಪು. ಅದರ ಮುಂದಾಳು ಬಸಪ್ಪ, ಕಾರ್‌ಶೆಡ್ಡಿನಲ್ಲಿದ್ದು ನಿವೃತ್ತನಾದ ವಿಜಯಪುರದವನು. ಚಹಾ ಕುಡಿಯುತ್ತಾ ಎಲ್ಲರೂ ಎಲ್ಲರನ್ನೂ ಕಾಲೆಳೆದು, ದೀಪ ಹಚ್ಚುವ ಹೊತ್ತಿಗೆ ಮನೆಗೆ. ಯಾವ ಡಾಕ್ಟರೂ ಬರೆದುಕೊಡದ ಔಷಧಿ ಅದು. ನಿವೃತ್ತರಾದ ಗಂಡಸರು ಮನೆಯ ಕುರ್ಚಿಗೆ ಅಂಟಿಕೊಂಡರೆ ಏನಾಗುತ್ತಾರೆಂದು ವಾರ್ಡಿನಲ್ಲಿ ಸಾಕಷ್ಟು ನೋಡಿದ್ದೇನೆ. ಮೊದಲು ಚಪ್ಪಲಿ ಧೂಳು ಹಿಡಿಯುತ್ತದೆ, ಆಮೇಲೆ ಅವರು.

ನಾನು ಬರೆದದ್ದು ಇಷ್ಟು: "ನಮ್ಮ ಮನೆಯವರು ಜೀವನವಿಡೀ ಹೋಟೆಲು ನಡೆಸಿದರು. ಅಷ್ಟೂ ಕಾಲ ಮನೆಯಿಂದ ಬಂದ ಡಬ್ಬಿಯನ್ನೇ ಉಂಡರು. ತಮ್ಮ ಹೋಟೆಲಿನ ಊಟಕ್ಕೆ ಕೈಹಾಕಲಿಲ್ಲ. ಬದುಕಿನಲ್ಲಿ ಇಂಥ ವೈರುಧ್ಯಗಳಿರುತ್ತವೆ." ಚಿಕ್ಕದಾಗಿ, ಚೊಕ್ಕವಾಗಿ, ನಾನು ಬರೆದುದರಲ್ಲೆಲ್ಲ ಉತ್ತಮವಾದದ್ದು ಎಂದುಕೊಂಡೆ. ಅವರ ಮೇಲಿನ ಅಭಿಮಾನದಿಂದಲೇ ಬರೆದದ್ದು. ಶ್ರಾವ್ಯಾ ಅದನ್ನು ಕುಟುಂಬದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಲ್ಲಿಂದ ಯಾರೋ ಹೋಟೆಲಿನವರ ಗುಂಪಿಗೆ ಹಾಕಿದರು. ಅಲ್ಲಿಂದ ಅದು ತಾನೇ ನಡೆದುಕೊಂಡು ಕಳವಾಕ್ಕೆ ಹೋಯಿತು.

ಮರುದಿನ ಇವರು ಬಿಸಿಲಿರುವಾಗಲೇ ಮನೆಗೆ ಬಂದರು. ಅದರ ಮರುದಿನ ಹೊರಡಲಿಲ್ಲ. ಕೇಳಿದರೆ, "ಮಳೆ." ಹೊರಗೆ ಮಳೆಯಿರಲಿಲ್ಲ. ಮತ್ತೊಂದು ದಿನ, "ಮಂಡಿ ನೋವು." ಯಾವ ಮಂಡಿ ಎಂದೆ. ಬೆಳಗ್ಗೆ ಬಲಗಾಲು ತೋರಿಸಿದರು, ಸಂಜೆ ಎಡಗಾಲು. ನೋವು ಇಷ್ಟು ಬೇಗ ದಾಟಿದ್ದನ್ನು ನನ್ನ ವೃತ್ತಿಯಲ್ಲಿ ಕಂಡಿರಲಿಲ್ಲ. ಆದರೂ ಪಟ್ಟಿ ಸುತ್ತಿದೆ.

ವಿಷಯ ತಿಳಿದದ್ದು ಶನಿವಾರ ಪ್ರಸಾದ ಫೋನು ಮಾಡಿದಾಗ.

"ಅಮ್ಮ, ಎಂತ ಮಾರಾಯ್ತಿ ನೀನು ಬರೆದದ್ದು? ಗಲ್ಲಾದಲ್ಲಿ ಕೂತರೆ ಜನ ನನ್ನನ್ನೇ ಕೇಳ್ತಾರೆ, ಶೇಟ್, ಆಪ್ ಕಾ ಡಬ್ಬಾ ಆಯಾ ಕ್ಯಾ, ನಿಮ್ಮ ಡಬ್ಬಿ ಬಂತಾ ಅಂತ."

"ನಾನೇನು ಸುಳ್ಳು ಬರೆದೆನಾ?"

"ಸುಳ್ಳು ಬರೆದಿದ್ದರೆ ಇಲ್ಲ ಅಂತ ಹೇಳಬಹುದಿತ್ತು."

ಆಮೇಲೆ ಮೂಲೆಯ ಮೇಜಿನ ಸಂಗತಿ ಹೇಳಿದ. ಬಸಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನನ್ನ ಬರಹವನ್ನು ಎಲ್ಲರಿಗೂ ಕೇಳುವಂತೆ ಓದಿದನಂತೆ. ಓದಿ ಮುಗಿಸಿ, "ಏನ್ರೀ ಅಣ್ಣಾರ, ಇಷ್ಟ ವರ್ಷ ನಮಗ ಇಡ್ಲಿ ತಿನಿಸಿ ನೀವು ಮನಿ ಊಟ ಉಂಡ್ರ್ಯಾ? ಇಡ್ಲಿಯೊಳಗ ಏನ್ ಹಾಕ್ತಿದ್ರಿ, ಈಗರ ಹೇಳ್ರಿ" ಎಂದನಂತೆ. ಮೇಜಿಗೆ ಮೇಜೇ ನಕ್ಕಿತು. ಇವರೂ ನಕ್ಕರು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದರು.

ನಾನು ಹಾಲಿಗೆ ಬಂದು, "ಆ ಬರಹ ಅಳಿಸಿಬಿಡ್ತೇನೆ" ಎಂದೆ.

"ಅಳಿಸಿದರೆ ಮತ್ತೂ ಅನುಮಾನ" ಎಂದರು. ಅಷ್ಟೇ.

ಅದು ನನಗೂ ಗೊತ್ತಿತ್ತು. ರಿಪೋರ್ಟಿನಲ್ಲಿ ತಪ್ಪಾದರೆ ನರ್ಸು ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಆದರೆ ಇಲ್ಲಿ ಗೆರೆ ಎಳೆಯಲು ತಪ್ಪೇ ಇರಲಿಲ್ಲ. ಪ್ರತಿ ಅಕ್ಷರ ನಿಜ. ಒಟ್ಟಿನಲ್ಲಿ ಮಾತ್ರ ಒಬ್ಬ ಮನುಷ್ಯನ ಹೆಸರು ಕೆಟ್ಟಿತ್ತು, ಅವನ ಮಧ್ಯಾಹ್ನಗಳು ಹೋಗಿದ್ದವು.

ಈಗ ನಾವು ಭಾನುವಾರ ಒಂಬತ್ತು ಗಂಟೆಗೆ ಬಂದೆವು.

ಶ್ರಾವ್ಯಾ ಲ್ಯಾಪ್‌ಟಾಪ್ ತೆರೆದಳು. ನಾನು ಕನ್ನಡಕ ಹಾಕಿಕೊಂಡು ಒಂದು ವಾಕ್ಯ ಟೈಪು ಮಾಡಿ ಓದಿದೆ: "ಸದರಿ ಹೋಟೆಲಿನ ಆಹಾರವು ಶುಚಿಯಾಗಿದ್ದು ಸೇವನೆಗೆ ಯೋಗ್ಯವಾಗಿರುತ್ತದೆ." ಅವಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. "ಅಜ್ಜಿ, ಯೇ ತೋ ನೋಟಿಸ್ ಲಗ್ ರಹಾ ಹೈ" ಎಂದಳು. ಗೋಡೆಗೆ ಅಂಟಿಸುವ ನೋಟಿಸಿನಂತೆಯೇ ಇತ್ತು. ಇನ್ನೊಂದು ಬರೆದೆ. ಅದು ಮೃತರ ಬಗ್ಗೆ ಬರೆದಂತಿತ್ತು. ಕುರ್ಚಿಯಲ್ಲಿದ್ದವರು ಪೇಪರಿನ ಹಾಳೆ ಮಗುಚಿದರು.

ಆಗ ಶ್ರಾವ್ಯಾ ಸುಮ್ಮನೆ ಕೇಳಿದಳು. "ತೋ ಆಪ್ ಡ್ಯೂಟೀ ಪೇ ಕ್ಯಾ ಖಾತೀ ಥೀ?" ಅಜ್ಜ ನಿಮ್ಮ ಡಬ್ಬಿ ಉಂಡರು, ಸರಿ, ಆಸ್ಪತ್ರೆಯಲ್ಲಿ ನೀವೇನು ತಿನ್ನುತ್ತಿದ್ದಿರಿ ಎಂದು.

ನಾನು ಬಾಯಿ ತೆರೆಯುವ ಮೊದಲೇ ಪೇಪರಿನ ಹಿಂದಿನಿಂದ ಉತ್ತರ ಬಂತು. "ಇಡ್ಲಿ. ಮೊದಲ ಹಬೆಯದ್ದು."

ಎಂಥ ಸರಳ ಪ್ರಶ್ನೆ. ನನಗೇ ಹೊಳೆದಿರಲಿಲ್ಲ. ರೋಗಿ ಏನು ತಿಂದ, ಎಷ್ಟು ತಿಂದ, ಉಗುಳಿದನೋ ನುಂಗಿದನೋ, ಎಲ್ಲ ರಿಪೋರ್ಟಿನಲ್ಲಿರುತ್ತದೆ. ನರ್ಸು ಏನು ತಿಂದಳೆಂದು ಯಾರೂ ಬರೆಯುವುದಿಲ್ಲ. ನಾನು ಮನೆಯವರ ಡಬ್ಬಿಯ ಬಗ್ಗೆ ಬರೆಯುವಾಗಲೂ ಅದೇ ಅಭ್ಯಾಸದಿಂದ ನನ್ನನ್ನು ಹೊರಗಿಟ್ಟಿದ್ದೆ. ಕತೆಯ ಅರ್ಧ ಹೊರಗುಳಿದದ್ದು ಅಲ್ಲಿ.

ಅದು ಹೀಗೆ. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತು. ಇವರು ಕತ್ತಲಿರುವಾಗಲೇ ಎದ್ದು ಕಳವಾಕ್ಕೆ ಹೊರಡುತ್ತಿದ್ದರು. ನಾನು ಅಡುಗೆ ಮಾಡಿಟ್ಟು ಬೆಳಗಿನ ಪಾಳಿಗೆ ರೈಲು ಹತ್ತುತ್ತಿದ್ದೆ. ಕಟ್ಟಿಕೊಂಡು ಹೋದ ಡಬ್ಬಿಯನ್ನು ಆಸ್ಪತ್ರೆಯಲ್ಲಿ ತೆರೆದರೆ ಊಟ ಸೇರುತ್ತಿರಲಿಲ್ಲ. ನಸುಕಿನಿಂದ ಅದೇ ಸಾರಿನ ಹಬೆ ಕುಡಿದ ಮೂಗು, ಮತ್ತೆ ಅದೇ ಸಾರನ್ನು ಒಲ್ಲೆನ್ನುತ್ತಿತ್ತು. ಒಂದು ದಿನ ಇವರಿಗೆ ಹೇಳಿದೆ. ಇವರು, "ನನಗೂ ಹಾಗೇ. ಸಾಂಬಾರಿನ ಕೊಪ್ಪರಿಗೆಯ ಎದುರು ನಿಂತವನಿಗೆ ಸಾಂಬಾರು ಬೇಡ" ಎಂದರು. ಇಬ್ಬರೂ ಹಸಿದುಕೊಂಡು ಊರಿಗೆಲ್ಲ ಊಟ, ಔಷಧಿ ಕೊಡುತ್ತಿದ್ದೆವು. ಆವತ್ತೇ ತೀರ್ಮಾನವಾಯಿತು. ನನ್ನ ಅಡುಗೆ ಅವರಿಗೆ, ಅವರ ಅಡುಗೆ ನನಗೆ.

ಅದಲುಬದಲಿನ ಸ್ಥಳ ಕಳವಾ ಪ್ಲಾಟ್‌ಫಾರ್ಮ್. ಡೊಂಬಿವಲಿಯಿಂದ ಥಾಣೆಗೆ ಹೋಗುವ ನಿಧಾನದ ಗಾಡಿ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಹೋಟೆಲು ಪಕ್ಕದಲ್ಲೇ. ಇವರು ಹೆಂಗಸರ ಬೋಗಿ ಬಂದು ನಿಲ್ಲುವ ಜಾಗದಲ್ಲಿ ಬಾಳೆಲೆಯ ಪೊಟ್ಟಣ ಹಿಡಿದು ನಿಂತಿರುತ್ತಿದ್ದರು. ಕಳವಾಕ್ಕೆ ಹಿಂದಿನ ಸ್ಟೇಷನ್ ಮುಂಬ್ರಾ ದಾಟಿದ ಮೇಲೆ ನನಗೆ ಬಾಗಿಲಿನವರೆಗೆ ಹೋಗುವ ಮಾತೇ ಇಲ್ಲ, ಅಷ್ಟು ಜನ. ಆದರೆ ದಿನವೂ ಜೊತೆಗೆ ಬರುವ ಹೆಂಗಸರಿಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತವಳು ಪ್ಲಾಟ್‌ಫಾರ್ಮ್ ಕಂಡ ಕೂಡಲೇ, "ಸಿಸ್ಟರ್, ನವರಾ ಆಲಾ" ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು. ಗಂಡ ಬಂದ ಎಂದು. ನನ್ನ ಡಬ್ಬಿ ತಲೆಗಳ ಮೇಲಿನಿಂದ ಕೈಯಿಂದ ಕೈಗೆ ಹೋಗುತ್ತಿತ್ತು, ಬಿಸಿ ಪೊಟ್ಟಣ ಅದೇ ಕೈಗಳ ದಾರಿ ಹಿಡಿದು ಬರುತ್ತಿತ್ತು. ಎಷ್ಟೋ ದಿನ ನಮ್ಮವರ ಮುಖ ನನಗೆ ಕಾಣುತ್ತಿರಲಿಲ್ಲ. ಬಾಗಿಲಿನವಳನ್ನೇ ಕೇಳುತ್ತಿದ್ದೆ. "ಕ್ಷೌರ ಮಾಡಿಸಿಕೊಂಡಿದ್ದಾರೆ", "ನೆಗಡಿ ಆಗಿದೆ", "ಇವತ್ತು ಸಿಟ್ಟಿನಲ್ಲಿದ್ದಾರೆ", ಹೀಗೆ ವರದಿ ಬರುತ್ತಿತ್ತು. ಮದುವೆಯ ಮೊದಲ ವರ್ಷಗಳಲ್ಲಿ ಗಂಡನ ಆರೋಗ್ಯವನ್ನು ನಾನು ತಿಳಿದದ್ದು ಪರಸ್ತ್ರೀಯರಿಂದ.

ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ. ಪೊಟ್ಟಣದಲ್ಲಿ ಇಡ್ಲಿ, ಚಟ್ನಿ. ಬೆಳಗಿನ ಮೊದಲ ತಟ್ಟೆಯ ಇಡ್ಲಿ ಇಳಿದ ಕೂಡಲೇ ಗಿರಾಕಿಗೆ ಕೊಡುವ ಮುನ್ನ ನನ್ನದನ್ನು ತೆಗೆದಿಡುತ್ತಿದ್ದರು. ಹಿಂದಿನ ದಿನ ನಮ್ಮಲ್ಲಿ ಮಾತು ಬೆಳೆದಿದ್ದರೆ ಪೊಟ್ಟಣದಲ್ಲಿ ನಾಲ್ಕು ಗೋಳಿಬಜೆಯೂ ಇರುತ್ತಿದ್ದವು. ಅದು ಅವರು ರಾಜಿಗೆ ಬರುವ ರೀತಿ. ನನ್ನ ಸಿಟ್ಟು ಇಳಿಯದಿದ್ದರೆ ಡಬ್ಬಿಯಲ್ಲಿ ಉಪ್ಪಿನಕಾಯಿ ಇರುತ್ತಿರಲಿಲ್ಲ. ಜಗಳದಲ್ಲಿ ಸಮಯ ಕಳೆಯಲು ನಮಗೆ ಪುರುಸೊತ್ತು ಎಲ್ಲಿತ್ತು?

ಒಮ್ಮೆ ಜೋರು ಮಳೆಯಲ್ಲಿ ಪೊಟ್ಟಣ ಒಳಗೆ ಬರುವ ಮೊದಲೇ ಗಾಡಿ ಹೊರಟುಬಿಟ್ಟಿತು. ಡಬ್ಬಿ ಅವರ ಕೈಯಲ್ಲಿ, ಪೊಟ್ಟಣವೂ ಅವರ ಕೈಯಲ್ಲಿ. ಮುಂದಿನ ಗಾಡಿ ಹತ್ತಿ ಆಸ್ಪತ್ರೆಗೇ ಬಂದರು. ಸೊಂಟಕ್ಕೆ ಹೋಟೆಲಿನ ಟವೆಲು, ಮೈಯೆಲ್ಲ ನೀರು. ವಾರ್ಡಿನ ಬಾಗಿಲಲ್ಲಿ ಕಂಡ ಇವರಿಗೆ ನಾನು ಹೇಳಿದ ಮಾತು: "ಭೇಟಿಯ ಹೊತ್ತು ಸಂಜೆ ನಾಲ್ಕರಿಂದ." ನಿಯಮ ನಿಯಮವೇ. ಇವರು ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ರೋಗಿಗಳಿಗೆಲ್ಲ ನಮಸ್ಕಾರ ಮಾಡಿ ಹೋದರು. ಆವತ್ತು ಆ ವಾರ್ಡಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದನ್ನೆಲ್ಲ ಹೇಳುತ್ತಾ ಹೋದಾಗ ಶ್ರಾವ್ಯಾ ಕಾಲು ಮಡಚಿಕೊಂಡು ಕೂತು ಕೇಳಿದಳು. ಕೊನೆಗೆ, "ಅಜ್ಜಿ, ಯೇ ತೋ ಆಪ್ ನೇ ಲಿಖಾ ಹೀ ನಹೀ" ಎಂದಳು. ಬರೆದಿರಲಿಲ್ಲ, ನಿಜ. ಬರೆಯಲು ನಾಚಿಕೆಯೂ ಇತ್ತು. ಎಪ್ಪತ್ತು ಹತ್ತಿರವಾದ ಹೆಂಗಸು ಗಂಡನ ಪೊಟ್ಟಣದ ವಿಷಯವನ್ನು ಊರಿಗೆಲ್ಲ ಹೇಳುವುದೇ? ಬಸಪ್ಪ ಇದನ್ನೂ ಮೇಜಿನಲ್ಲಿ ಗಟ್ಟಿಯಾಗಿ ಓದಿಯಾನು. ಆದರೆ ಕುರ್ಚಿಯ ಕಡೆ ನೋಡಿದೆ. ಮಂಡಿಯ ಪಟ್ಟಿ ಅಷ್ಟು ಅಚ್ಚುಕಟ್ಟಾಗಿ ಸುತ್ತಿದ್ದು ನಾನೇ. ಬರೆಯಲು ಕೂತೆ.

ಮೇಲೆ ಹೇಳಿದ್ದನ್ನೆಲ್ಲ ಬರೆದೆ. ಮುಗಿಯುವಾಗ ಮಧ್ಯಾಹ್ನ. ಮೊದಲು ಅವರಿಗೆ ಓದಿ ಹೇಳಿದೆ. ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಮಳೆಯ ದಿನದ ಜಾಗಕ್ಕೆ ಬಂದಾಗ ಕಿಟಕಿಯ ಹೊರಗೆ ನೋಡಿದರು. ಮುಗಿದ ಮೇಲೆ, "ಒಂದು ತಪ್ಪುಂಟು" ಎಂದರು.

"ಯಾವುದು?"

"ಗೋಳಿಬಜೆ. ಅದು ಜಗಳಕ್ಕೆ ಅಲ್ಲ. ಬುಧವಾರ ಹೋಟೆಲಿನಲ್ಲಿ ಗೋಳಿಬಜೆಯ ದಿನ."

ನಾನು ಕನ್ನಡಕ ತೆಗೆದೆ. ಇಷ್ಟು ವರ್ಷ ಆ ಗೋಳಿಬಜೆಗಳನ್ನು ತಿಂದು ನಾನು ಮನಸ್ಸಿನಲ್ಲೇ ಅವರನ್ನು ಕ್ಷಮಿಸುತ್ತಾ ಬಂದಿದ್ದೆ.

"ಹಾಗಾದರೆ ನಾವು ಜಗಳ ಆಡ್ತಿದ್ದದ್ದು ಮಂಗಳವಾರವಾ?"

"ಮಂಗಳವಾರ ಒಂದೇ ಅಲ್ಲ" ಎಂದರು. ಶ್ರಾವ್ಯಾ ಸೋಫಾದ ಮೇಲೆ ಹೊರಳಾಡಿ ನಕ್ಕಳು.

ತಿದ್ದಲೇ ಎಂದು ಕೇಳಿದೆ. "ಬೇಡ, ಇರಲಿ" ಎಂದರು. ಆದರೆ ನಿಯಮ ನಿಯಮವೇ. ನನ್ನ ವಾಕ್ಯವನ್ನು ಹಾಗೇ ಉಳಿಸಿ, ಕೆಳಗೆ ಸೇರಿಸಿದೆ: "ಮನೆಯವರ ಹೇಳಿಕೆ: ಬುಧವಾರ." ಹಿಂದಿನ ಬರಹದ ಅಡಿಗೇ ಇದನ್ನು ಜೋಡಿಸಿದೆವು. ಶ್ರಾವ್ಯಾ ಮತ್ತೆ ಗುಂಪಿಗೆ ಹಾಕಿದಳು.

ಊಟಕ್ಕೆ ತಟ್ಟೆ ಇಡಲು ಒಳಗೆ ಹೋದೆ. ಹಿಂದೆಯೇ ಅವರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಇಸ್ತ್ರಿಯ ಅಂಗಿ ಹಾಕಿದ್ದರು. ಮಂಡಿಯಲ್ಲಿ ಪಟ್ಟಿ ಇರಲಿಲ್ಲ.

"ತಟ್ಟೆ ಬೇಡ. ಡಬ್ಬಿಗೆ ಹಾಕು."

"ಹೋಟೆಲಿಗಾ? ಅಲ್ಲಿ ಡಬ್ಬಿ ತೆರೆದರೆ ಮತ್ತೆ ನಗ್ತಾರಲ್ಲ."

"ನಗಲಿ. ನನ್ನ ಡಬ್ಬಿ, ನಾನು ಕದ್ದು ಉಣ್ಣಬೇಕಾ? ಆ ಮೇಜಿನ ಮೇಲೆಯೇ ಉಣ್ತೇನೆ."

ಡಬ್ಬಿ ಅಟ್ಟದ ಮೇಲಿತ್ತು. ಶ್ರಾವ್ಯಾ ಸ್ಟೂಲು ಹತ್ತಿ ಇಳಿಸಿದಳು. ತೊಳೆದು ಒರೆಸಿ ಅನ್ನ, ಹುರುಳಿ ಸಾರು ತುಂಬಿದೆ. ಮುಚ್ಚಳದ ಕೊಂಡಿ ಬಿಗಿಯಾಗಿತ್ತು, ಅವರೇ ಹಾಕಿಕೊಂಡರು. ಬಾಲ್ಕನಿಯಿಂದ ನೋಡಿದೆವು. ಕೊಡೆ ಒಂದು ಕೈಯಲ್ಲಿ, ಡಬ್ಬಿ ಇನ್ನೊಂದರಲ್ಲಿ, ಎರಡೂ ಮಂಡಿಗಳು ಸರಿಯಾಗಿ ಮಡಚುತ್ತಿದ್ದವು.

ಆ ಮಧ್ಯಾಹ್ನ ನಾನು ಮನೆಯ ಎಲ್ಲ ಹಾಸಿಗೆಗಳ ಚಾದರ ಬದಲಾಯಿಸಿದೆ. ಬದಲಾಯಿಸುವ ದಿನ ಅದಾಗಿರಲಿಲ್ಲ. ಶ್ರಾವ್ಯಾ, "ಅಜ್ಜಿ, ಟೆನ್ಶನ್ ಮತ್ ಲೋ" ಎಂದಳು. ಟೆನ್ಶನ್ ಏನಿಲ್ಲ, ಕೊಳೆಯಾಗಿತ್ತು ಎಂದೆ.

ಸಂಜೆ ದೀಪ ಹಚ್ಚಿದ ಮೇಲೆ ಬಂದರು. ಬೇಗ ಬರಲಿಲ್ಲ, ಅದೇ ಮೊದಲ ಒಳ್ಳೆಯ ಲಕ್ಷಣ. ಡಬ್ಬಿ ಕೈಗೆ ಕೊಟ್ಟರು. ಹಗುರವಿತ್ತು.

"ಬಸಪ್ಪ ಓದಿದ್ದನಾ?"

"ಓದಿದ್ದ."

"ಎಂತ ಹೇಳಿದ?"

"ಹೇಳುವುದೆಂತ. ಎದ್ದು ಹೋಗಿ ಕೈ ತೊಳೆದು ಬಂದು ನನ್ನ ಎದುರು ಕೂತ." ಚಪ್ಪಲಿ ಬಿಟ್ಟು ಒಳಗೆ ಬಂದರು. "ಹುರುಳಿ ಸಾರು ಅಷ್ಟೂ ಅವನೇ ಕುಡಿದ. ನಾಳೆಗೆ ಸ್ವಲ್ಪ ಜಾಸ್ತಿ ಮಾಡು."

ಡಬ್ಬಿ ತೊಳೆದು ಬೋರಲು ಹಾಕಿದೆ. ಹುರುಳಿ ಆರಿಸಿ, ತೊಳೆದು, ನೆನೆಯಲು ಇಟ್ಟೆ. ಎಂದಿಗಿಂತ ಎರಡು ಹಿಡಿ ಹೆಚ್ಚು.